ಅತ್ತೆಯ ಕುಸುಬಿ ಎಣ್ಣೆ ಸಾಬೂನಾದದ್ದು

ನಾನು ಈ ಮನೆಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷವಾದ ಮೇಲೆ ನಮ್ಮ ಅತ್ತೆ ಮೊದಲ ಸಲ ನನ್ನನ್ನು ಕೇಳಿದರು, “ನೀ ಸಾಲ್ಯಾಗ ಏನ್ ಕಲಿಸ್ತಿ?” ಅಲ್ಲಿಯವರೆಗೆ ನನ್ನ ಶಾಲೆ ಅವರ ಪಾಲಿಗೆ ಮುಂಜಾನೆ ನಾನು ಛತ್ರಿ ಹಿಡಿದು ಹೋಗುವ, ಸಂಜೆ ತಲೆನೋವು ತೆಗೆದುಕೊಂಡು ಬರುವ ಒಂದು ಜಾಗವಾಗಿತ್ತು, ಅಷ್ಟೇ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹೊಲ, ದನ, ಹಾಲು, ಹಬ್ಬ ಇವುಗಳಲ್ಲಿ ಅವರಿಗೆ ಗೊತ್ತಿಲ್ಲದ್ದಿಲ್ಲ. ನನಗೆ ಅವುಗಳಲ್ಲಿ ಗೊತ್ತಿದ್ದದ್ದು ಕಡಿಮೆ. ಹಾಗಾಗಿ ನಾವಿಬ್ಬರೂ ಜಗಳವಿಲ್ಲದೆ, ಆದರೆ ಹೆಚ್ಚು ಮಾತೂ ಇಲ್ಲದೆ, ಒಂದೇ ಅಡುಗೆಮನೆಯಲ್ಲಿ ಬಾಳುವೆ ಮಾಡಿಕೊಂಡು ಬಂದಿದ್ದೆವು.

ನಮ್ಮೂರು ಅಣ್ಣಿಗೇರಿಗೂ ಶಲವಡಿಗೂ ನಡುವೆ. ಊರ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಶಿಕ್ಷಕಿ. ಎಂಟನೆಯ ಇಯತ್ತೆಯ ಮಕ್ಕಳಿಗೆ ಪ್ರತಿ ವರ್ಷ ಭೌತಿಕ ಬದಲಾವಣೆ, ರಾಸಾಯನಿಕ ಬದಲಾವಣೆ ಎಂದು ಪಾಠ ಮಾಡುತ್ತೇನೆ. ಮಂಜುಗಡ್ಡೆ ಕರಗಿದರೆ ಭೌತಿಕ, ಕಾಗದ ಸುಟ್ಟರೆ ರಾಸಾಯನಿಕ. ತಿರುಗಿ ಮೊದಲಿನಂತೆ ಮಾಡಲು ಬಂದರೆ ಭೌತಿಕ, ಬಾರದಿದ್ದರೆ ರಾಸಾಯನಿಕ. ಇದನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ, ಮಕ್ಕಳು ವಹಿಯಲ್ಲಿ ಇಳಿಸಿಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕ ತೆಗೆದುಕೊಳ್ಳುತ್ತಿದ್ದರು. ಅವರಿಗೂ ಅನುಮಾನ ಬಂದಿರಲಿಲ್ಲ, ನನಗೂ ಬಂದಿರಲಿಲ್ಲ.

ನಮ್ಮ ಬಾಜು ಮನೆಯಲ್ಲಿ ಚಾಚಿ ಇದ್ದಾರೆ. ಊರಲ್ಲಿ ಅರ್ಧ ಜನ ತೊಡುವ ಜಂಪರು ಅವರ ಹೊಲಿಗೆ ಮಷಿನ್ನಿನಿಂದಲೇ ಬಂದದ್ದು. ನಮ್ಮ ಓಣಿಯ ಮಹಿಳಾ ಸಂಘವನ್ನು ನಡೆಸುವವರೂ ಅವರೇ. ನಮ್ಮ ಅತ್ತೆಯನ್ನು ‘ಅಕ್ಕಾ’ ಎನ್ನುತ್ತಾರೆ. ಅತ್ತೆ ಅವರನ್ನು ‘ತಂಗಿ’ ಎನ್ನುತ್ತಾರೆ. ದಿನಕ್ಕೊಂದು ಸಲವಾದರೂ ಇಬ್ಬರಿಗೂ ವಾದವಾಗದಿದ್ದರೆ ಊಟ ಸೇರುವುದಿಲ್ಲ.

ಆ ವರ್ಷ ಬೇಸಿಗೆ ಸೂಟಿಯ ನಡುವೆ ಚಾಚಿ ಧಾರವಾಡಕ್ಕೆ ಸಾಬೂನು ಮಾಡುವ ತರಬೇತಿಗೆ ಹೋಗಿಬಂದರು. ಬರುವಾಗ ಒಂದು ಚೀಲದ ತುಂಬ ಬಿಳಿಯ ದಪ್ಪ ಗಟ್ಟಿಗಳು, ಬಣ್ಣದ ಶೀಶೆಗಳು, ಗುಲಾಬಿ ಹೂವಿನ ಆಕಾರದ ಅಚ್ಚು ತಂದಿದ್ದರು. ಸಂಘದ ಏಳೆಂಟು ಹೆಂಗಸರು ನಮ್ಮ ಕಟ್ಟೆಯ ಮೇಲೆ ಸೇರಿದರು. ಚಾಚಿ ಗಟ್ಟಿಯನ್ನು ಚೂರು ಮಾಡಿ, ಬಿಸಿನೀರಿನ ಮೇಲೆ ಬೋಗಾಣಿ ಇಟ್ಟು ಕರಗಿಸಿದರು. ಗುಲಾಬಿ ಬಣ್ಣ ಹಾಕಿದರು, ಎರಡು ಹನಿ ಸುವಾಸನೆ ಹಾಕಿದರು, ಅಚ್ಚಿಗೆ ಹೊಯ್ದರು. ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಗಟ್ಟಿಯಾಗಿತ್ತು. ಅಚ್ಚನ್ನು ಮಗುಚಿದಾಗ ಗುಲಾಬಿ ಹೂವುಗಳು ಸಾಲಾಗಿ ಬಿದ್ದವು. ಹೆಂಗಸರೆಲ್ಲ ಖುಷಿಪಟ್ಟರು.

ನಮ್ಮ ಅತ್ತೆ ಒಂದನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿದರು.

“ಚಂದ ಐತಿ. ಆದ್ರ ಇದನ್ನ ನೀ ಮಾಡಿಲ್ಲ ತಂಗಿ.”

“ನಾ ಮಾಡಿಲ್ಲಂದ್ರ ಮತ್ಯಾರು ಮಾಡ್ಯಾರಕ್ಕಾ? ನಿನ್ನ ಕಣ್ಣ ಮುಂದ ಮಾಡೀನಿ.”

“ಆ ಬೋಗಾಣ್ಯಾಗ ಹಾಕಿದ್ದು ಏನು?”

“ಸಾಬೂನಿನ ಗಟ್ಟಿ.”

“ಈಗ ನನ್ನ ಕೈಯಾಗ ಇರೂದೇನು?”

ಚಾಚಿ ಅಚ್ಚನ್ನು ಒರೆಸತೊಡಗಿದರು.

“ಮೊದಲೂ ಸಾಬೂನು, ಈಗೂ ಸಾಬೂನು. ನಡುವ ಕರಗಿಸಿ ಹೂವಿನ ವೇಷ ಹಾಕೀದಿ, ಅಷ್ಟ.”

ಚಾಚಿಯ ಮುಖ ಸಣ್ಣದಾಯಿತು. “ನಿನ್ನ ಸೊಸಿ ಸೈನ್ಸ್ ಟೀಚರ್ ಅದಾಳಲ್ಲ, ಆಕಿನ್ನ ಕೇಳು,” ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಚಾಚಿಯ ಮನಸ್ಸು ನೋಯಿಸಲು ನನಗೆ ಇಷ್ಟವಿರಲಿಲ್ಲ. ಆದರೆ ಸುಳ್ಳು ಹೇಳಲೂ ಬರಲಿಲ್ಲ. “ಅತ್ತಿ ಹೇಳೂದು ಖರೆ ಐತ್ರಿ ಚಾಚಿ. ಇದು ಬರೇ ಭೌತಿಕ ಬದಲಾವಣಿ. ಸಾಬೂನು ಹುಟ್ಟೂ ಕೆಲಸ ಇದರಾಗ ಆಗಿಲ್ಲ, ಅದು ಮೊದಲ ಯಾವುದೋ ಕಾರ್ಖಾನ್ಯಾಗ ಆಗಿ ಬಂದೈತಿ,” ಎಂದೆ.

ಅತ್ತೆ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದರು. “ಅಂದ್ರ ಸಾಬೂನು ಹುಟ್ಟೂದು ಹ್ಯಾಂಗ?”

“ಎಣ್ಣಿಗೆ ಕಾಸ್ಟಿಕ್ ಸೋಡಾದ ನೀರು ಕೂಡಿಸಿದ್ರ ಆಗತೈತ್ರಿ. ಎಣ್ಣಿ ಎಣ್ಣಿಯಾಗಿ ಉಳಿಯೂದಿಲ್ಲ, ಸೋಡಾನೂ ಸೋಡಾ ಆಗಿ ಉಳಿಯೂದಿಲ್ಲ. ಎರಡೂ ಹೋಗಿ ಸಾಬೂನು ಬರತೈತಿ.”

“ನೀ ಮಾಡೀದಿ?”

“ಇಲ್ರಿ.”

“ಮತ್ತ ಹುಡುಗೂರಿಗೆ ಹ್ಯಾಂಗ ಹೇಳ್ತಿ?”

“ಪುಸ್ತಕದಾಗ ಐತ್ರಿ.”

ಅತ್ತೆ ನಕ್ಕರು. ಅದು ಕೆಟ್ಟ ನಗುವೇನಲ್ಲ, ಆದರೂ ನನಗೆ ಚುರುಕ್ಕೆಂದಿತು. ಆಗಷ್ಟೇ ವಾದದಲ್ಲಿ ಸೋತ ಚಾಚಿಯೂ ನಗುತ್ತಿದ್ದರು. ಅತ್ತೆ ಎದ್ದು ಒಳಗೆ ಹೋದರು. ತಿರುಗಿ ಬಂದಾಗ ಅವರ ಕೈಯಲ್ಲಿ ಕುಸುಬಿ ಎಣ್ಣೆಯ ಡಬ್ಬಿ ಇತ್ತು. ನಮ್ಮ ಹೊಲದ ಕುಸುಬಿ, ಅಣ್ಣಿಗೇರಿಯ ಗಾಣದಲ್ಲಿ ಎದುರಿಗೆ ನಿಂತು ತೆಗೆಸಿದ ಎಣ್ಣೆ. ಅದನ್ನು ಅವರು ಮನೆಯವರಿಗೂ ಚಮಚ ಹಿಡಿದೇ ಹಾಕುವುದು.

“ತಗೋ. ಮಾಡಿ ತೋರ್ಸು,” ಎಂದರು.

ಮರುದಿನವೇ ನಾನು ಶಾಲೆಯ ಮುಖ್ಯಗುರುಗಳನ್ನು ಕೇಳಿ ಪ್ರಯೋಗಶಾಲೆಯಿಂದ ಸಣ್ಣ ತಕ್ಕಡಿ, ರಬ್ಬರಿನ ಕೈಗವಸು, ಕಣ್ಣಿಗೆ ಹಾಕುವ ದೊಡ್ಡ ಕನ್ನಡಕ ತಂದೆ. ಎಷ್ಟು ಎಣ್ಣೆಗೆ ಎಷ್ಟು ಸೋಡಾ ಎಂದು ಎರಡು ದಿನ ಕೂತು ಲೆಕ್ಕ ಹಾಕಿದೆ. ಭಾನುವಾರ ಮುಂಜಾನೆ ಹಿತ್ತಲಲ್ಲಿ ಕೆಲಸ ಶುರುವಾಯಿತು. ನನ್ನ ಜೊತೆಗೆ ಚಾಚಿ ನಿಂತರು. ಅವರು ಹೊಲಿಗೆಯ ಕನ್ನಡಕದ ಮೇಲೆಯೇ ನಾನು ಕೊಟ್ಟ ಕನ್ನಡಕವನ್ನೂ ಏರಿಸಿದ್ದರು. ಅತ್ತೆ ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತರು.

ಪಾತ್ರೆ ಬೇಕೆಂದಾಗ ಅತ್ತೆ ಒಂದು ಜರ್ಮನ್ ಬೋಗಾಣಿ ತಂದುಕೊಟ್ಟರು. ನಮ್ಮ ಕಡೆ ಅಲ್ಯುಮಿನಿಯಮ್ಮಿಗೆ ಜರ್ಮನ್ ಎನ್ನುತ್ತೇವೆ. “ಇದು ಬ್ಯಾಡ್ರಿ, ಸೋಡಾ ಇದನ್ನ ತಿಂದುಬಿಡತೈತಿ, ಸ್ಟೀಲಿಂದು ಕೊಡ್ರಿ,” ಎಂದೆ. ಅವರು ನಂಬಲಿಲ್ಲ. ಸೋಡಾದ ನೀರು ತಯಾರಾದ ಮೇಲೆ ಒಂದು ಹಳೆಯ ಜರ್ಮನ್ ಮುಚ್ಚಳದ ಮೇಲೆ ನಾಲ್ಕು ಹನಿ ಬಿಟ್ಟು ತೋರಿಸಿದೆ. ಹನಿ ಸುಯ್ಯೆಂದು ನೊರೆಯೆದ್ದು, ಮುಚ್ಚಳದಲ್ಲಿ ಕಪ್ಪು ಕಲೆ ಉಳಿಯಿತು. ಅತ್ತೆ ಮಣೆಯನ್ನು ಒಂದು ಮಾರು ಹಿಂದೆ ಸರಿಸಿಕೊಂಡರು.

ಅದಕ್ಕಿಂತ ಅವರಿಗೆ ಬೆರಗು ಹುಟ್ಟಿಸಿದ್ದು ಅದಕ್ಕೂ ಮೊದಲು ಕಂಡ ಬಿಸಿ. ತಣ್ಣೀರಿಗೆ ನಾನು ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಸುತ್ತಿದ್ದಂತೆ ಪಾತ್ರೆಯಿಂದ ಹಬೆ ಬಂತು. ಅತ್ತೆ ಬಂದು ಪಾತ್ರೆಯ ಹೊರಮೈ ಮುಟ್ಟಿ ಬೆರಳು ಹಿಂದಕ್ಕೆಳೆದುಕೊಂಡರು.

“ಒಲಿ ಇಲ್ಲ, ಉರಿ ಇಲ್ಲ. ಇದೆಲ್ಲಿಂದ ಬಂತು?”

“ಸುಣ್ಣದ ಹರಳು ನೀರಾಗ ಬಿಟ್ರ ಕುದಿಯೂದಿಲ್ಲೇನ್ರಿ, ಹಂಗ.”

“ಹೌದು ಹೌದು,” ಎಂದು ಅವರು ಚಾಚಿಗೆ ತಾವೇ ಹೇಳಿದವರಂತೆ ತಲೆಯಾಡಿಸಿದರು.

ಸೋಡಾ ನೀರು ಆರಿದ ಮೇಲೆ ಎಣ್ಣೆಗೆ ಸುರಿದು, ಒಂದು ಹಳೆಯ ಕಡಗೋಲಿನಿಂದ ಕಡೆಯಲು ಕೂತೆವು. ಗಟ್ಟಿಯಾಗುತ್ತ ಹೋಗಿ, ಕಡಗೋಲು ಎತ್ತಿದರೆ ಅದರಿಂದ ಬಿದ್ದ ಗೆರೆ ಮೇಲೆಯೇ ನಿಲ್ಲಬೇಕು ಎಂದು ಓದಿದ್ದೆ. ನಾನು ಕಡೆದೆ, ಚಾಚಿ ಕಡೆದರು. ಎಣ್ಣೆಯ ಹೊಳಪು ಹೋಗಿ ಮಸುಕಾಯಿತು, ಅಷ್ಟೇ. ಚಾಚಿ ನಮಾಜಿಗೆ ಹೋಗಿ ತಿರುಗಿ ಬಂದರು. ನಾನು ರೊಟ್ಟಿ ತಿಂದು ಬಂದೆ. ಅದು ಇನ್ನೂ ಮಜ್ಜಿಗೆಯ ಹಾಗೆ ನೀರಾಗಿಯೇ ಇತ್ತು. ಸಂಜೆಯಾಗುವಷ್ಟರಲ್ಲಿ ನನ್ನ ರಟ್ಟೆಯಲ್ಲಿ ಶಕ್ತಿ ಉಳಿದಿರಲಿಲ್ಲ. ಕುಸುಬಿ ಎಣ್ಣೆ ಒಂದೇ ಹಾಕಿದರೆ ಬಹಳ ನಿಧಾನ, ಅದಕ್ಕೆ ಕೊಬ್ಬರಿ ಎಣ್ಣೆ ಕೂಡಿಸಬೇಕು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಪಾತ್ರೆ ಮುಚ್ಚಿಟ್ಟು, ಮುಖ ಸಪ್ಪಗೆ ಮಾಡಿಕೊಂಡು ಮಲಗಿದೆ.

ಮುಂಜಾನೆ ಎದ್ದು ಹಿತ್ತಲಿಗೆ ಹೋದರೆ ನನಗಿಂತ ಮೊದಲೇ ಅತ್ತೆ ಪಾತ್ರೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಮೇಲೆ ಎಣ್ಣೆ ತೇಲಿತ್ತು, ಕೆಳಗೆ ಮಸುಕು ನೀರು ನಿಂತಿತ್ತು.

“ನನ್ನ ಎಣ್ಣಿ ನನಗ ಕೊಡು,” ಎಂದರು.

“ಅದು ಹ್ಯಾಂಗ ಬರತೈತ್ರಿ ಅತ್ತಿ?”

“ಯಾಕ ಬರೂದಿಲ್ಲ? ಎಣ್ಣಿ ಮ್ಯಾಲ ಐತಿ, ನೀರು ತೆಳಗ ಐತಿ. ಸೌಟಿನಿಂದ ತಗೀತೀನಿ, ಒಗ್ಗರಣಿಗೆ ಆಗತೈತಿ. ನೀ ಅಂದಂಗ ಏನೂ ಹುಟ್ಟಿಲ್ಲ ಇದರಾಗ.”

ಅವರ ಕೈಯಲ್ಲಿ ನಿಜವಾಗಿಯೂ ಸೌಟು ಇತ್ತು. ಅಡುಗೆಮನೆಗೆ ಓಡಿ, ಅರಿಷಿಣ ಕಲಸಿದ ನೀರಲ್ಲಿ ಒಂದು ಬಿಳಿ ಬಟ್ಟೆಯ ಚೂರು ಅದ್ದಿ ತಂದೆ. ಕೈಗವಸು ಹಾಕಿಕೊಂಡು ಆ ಎಣ್ಣೆಯ ಒಂದು ಹನಿಯನ್ನು ಅದರ ಮೇಲೆ ಬಿಟ್ಟೆ. ಹಳದಿ ಬಟ್ಟೆ ಅಲ್ಲಿಗಲ್ಲೇ ಕೆಂಪಗಾಯಿತು.

“ಕುಂಕುಮಾತಲ್ಲ,” ಎಂದರು ಅತ್ತೆ. ಅರಿಷಿಣಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ಅಂದ್ರ ಎಣ್ಣ್ಯಾಗ ಆ ಸುಡೂದು ಕೂತೈತಿ.”

“ಹೌದ್ರಿ. ಇದನ್ನ ಬಾಯಾಗ ಹಾಕಬಾರ್ದು.”

ಅವರು ಸೌಟನ್ನು ಕೆಳಗಿಟ್ಟರು. ಆದರೆ ಮಾತು ಬಿಡಲಿಲ್ಲ. “ಸುಡೂದು ಬೆರತೈತಿ ಅಷ್ಟ. ಬೆರಿಯೂದು ಬ್ಯಾರೆ, ಹುಟ್ಟೂದು ಬ್ಯಾರೆ.”

ನನ್ನ ತರಗತಿಯಲ್ಲಿ ಇಷ್ಟು ವರ್ಷಗಳಲ್ಲಿ ಯಾವ ಮಗುವೂ ಈ ಪ್ರಶ್ನೆ ಎತ್ತಿರಲಿಲ್ಲ. ಅವರು ಹೇಳಿದ್ದು ಸರಿ. ಎಣ್ಣೆಯಲ್ಲಿ ಸೋಡಾ ಇದೆ ಎಂದಷ್ಟೇ ಬಟ್ಟೆ ಹೇಳಿತ್ತು. ಹೊಸದೇನಾದರೂ ಆಗಿದೆಯೇ ಎಂದು ಹೇಳಿರಲಿಲ್ಲ. ಅದನ್ನು ತಿಳಿಯುವುದು ಹೇಗೆ? ಸ್ವಲ್ಪ ಯೋಚಿಸಿ ಎರಡು ಗಾಜಿನ ಗ್ಲಾಸಿನಲ್ಲಿ ನೀರು ತಂದೆ. ಒಂದಕ್ಕೆ ಡಬ್ಬಿಯಲ್ಲಿ ಉಳಿದಿದ್ದ ಎಣ್ಣೆ ಒಂದು ಚಮಚ ಹಾಕಿ ಅಲುಗಾಡಿಸಿದೆ. ಇನ್ನೊಂದಕ್ಕೆ ಪಾತ್ರೆಯ ಮೇಲಿನ ಎಣ್ಣೆ ಒಂದು ಚಮಚ ಹಾಕಿ ಅಲುಗಾಡಿಸಿದೆ. ಮೊದಲನೆಯ ಗ್ಲಾಸಿನಲ್ಲಿ ಎಣ್ಣೆ ಗುಂಡು ಗುಂಡಾಗಿ ಒಡೆದು, ಸ್ವಲ್ಪ ಹೊತ್ತಿಗೆ ಮೇಲೆ ಬಂದು ಒಂದಾಗಿ ಕೂತಿತು. ಎರಡನೆಯದು ಹಾಲಿನ ಹಾಗೆ ಬೆಳ್ಳಗಾಯಿತು. ಅದರ ಮೇಲೆ ಒಂದು ಬೆರಳಿನಷ್ಟು ನೊರೆ ಎದ್ದು, ಇಳಿಯದೆ ಹಾಗೆಯೇ ನಿಂತಿತು.

ಅತ್ತೆ ಆ ನೊರೆಯನ್ನು ಬಹಳ ಹೊತ್ತು ನೋಡಿದರು. “ಏನೋ ಹುಟ್ಟೇತಿ,” ಎಂದರು ಮೆಲ್ಲಗೆ. “ಇನ್ನೂ ಪೂರ್ತಿ ಹುಟ್ಟಿಲ್ಲ, ಆದ್ರ ಹುಟ್ಟೇತಿ.” ಮತ್ತೆ ಬಾಜು ಮನೆಯ ಗೋಡೆಯ ಕಡೆ ಕತ್ತು ಚಾಚಿ ಕೂಗಿದರು, “ತಂಗೀ, ಕಡಗೋಲು ಹಿಡಕೊಂಡು ಬಾರಬೇ. ಎಣ್ಣಿ ಕೆಟ್ಟಿಲ್ಲ.”

ಆ ಹೊತ್ತಿಗೆ ಬಿಸಿಲು ಏರಿತ್ತು. ನಮ್ಮ ಸೀಮೆಯ ಮೇ ತಿಂಗಳ ಬಿಸಿಲಿಗೆ ಒಲೆ ಬೇಕಾಗಿಲ್ಲ. ಪಾತ್ರೆಯನ್ನು ಮುಚ್ಚಿ ಮಾಳಿಗೆಯ ಮೇಲೆ ಇಟ್ಟೆವು. ಒಂದು ತಾಸು ಬಿಟ್ಟು ಕಡೆಯಲು ಶುರುಮಾಡಿದೆವು. ಸೆರಗು ತಲೆಯ ಮೇಲೆ ಹೊದ್ದು ನಾವಿಬ್ಬರೂ ಕಡೆಯುತ್ತಿದ್ದರೆ, ಅತ್ತೆ ಪಕ್ಕದಲ್ಲಿ ನಿಂತು ‘ಸಾವಕಾಶ’, ‘ಜಲ್ದಿ’ ಎಂದು ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಡಗೋಲು ಭಾರವಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಒಲೆಯ ಮೇಲಿನ ಕಡಲೆಹಿಟ್ಟಿನ ಝುಣಕದ ಹಾಗೆ ಒಟ್ಟುಗೂಡತೊಡಗಿತು. ಚಾಚಿ ಕಡಗೋಲು ಎತ್ತಿದರು. ಅದರಿಂದ ಬಿದ್ದ ಗೆರೆ ಮೇಲೆಯೇ ನಿಂತಿತು.

ಚಾಚಿ ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದರು. ಅಷ್ಟು ಖುಷಿಯಾಗಿತ್ತು ಅವರಿಗೆ. ಬೆವರು ಸುರಿಯುತ್ತಿತ್ತು, ನನಗೆ ನಗು ತಡೆಯಲು ಆಗುತ್ತಿರಲಿಲ್ಲ. ಓದಿ ಹೇಳುತ್ತಿದ್ದದ್ದು ನನ್ನ ಕೈಯ ಕೆಳಗೇ ಆಗಿತ್ತು.

ಪ್ಲಾಸ್ಟಿಕ್ ಡಬ್ಬಿಗಳಿಗೆ ಅದನ್ನು ಹೊಯ್ದೆವು. ಬೆಚ್ಚಗಿರಬೇಕು ಎಂದೆ. ಅತ್ತೆ ತಾವು ಹಳೆ ಸೀರೆಗಳಿಂದ ಹೊಲಿದ ಕೌದಿಯನ್ನೇ ತಂದು ಡಬ್ಬಿಗಳಿಗೆ ಸುತ್ತಿದರು. ಸಂಜೆ ಕೈಯಿಟ್ಟು ನೋಡಿ, “ತಾನ ಬಿಸಿ ಆಗೇತಿ, ಒಳಗ ಇನ್ನೂ ಕೆಲಸ ನಡದೈತಿ,” ಎಂದು ಎಲ್ಲರಿಗೂ ವರದಿ ಕೊಟ್ಟರು. ನನ್ನ ಗಂಡ ಹೊಲದಿಂದ ಬಂದವರು ಕೌದಿ ಮುಟ್ಟಲು ಹೋಗಿ ಬೈಸಿಕೊಂಡರು.

ಎರಡು ದಿನದ ಮೇಲೆ ಡಬ್ಬಿಯಿಂದ ತೆಗೆದು ದಾರದಿಂದ ಕೊಯ್ದೆವು. ಬೆಣ್ಣೆಯ ಬಣ್ಣದ, ಬೆಣ್ಣೆಯಷ್ಟೇ ಮೆತ್ತಗಿನ ತುಂಡುಗಳು. ಒಂದೂವರೆ ತಿಂಗಳು ಗಾಳಿಗೆ ಒಣಗಬೇಕು, ಅಲ್ಲಿಯವರೆಗೆ ಯಾರೂ ಬಳಸಬಾರದು ಎಂದು ಹೇಳಿ, ಒಳಗಿನ ಕೋಣೆಯಲ್ಲಿ ಹಲಗೆಯ ಮೇಲೆ ಸಾಲಾಗಿ ಜೋಡಿಸಿದೆ. ಅತ್ತೆ ದಿನಾ ಮುಂಜಾನೆ ಹೋಗಿ ಪ್ರತಿಯೊಂದನ್ನೂ ಒತ್ತಿ ನೋಡುತ್ತಿದ್ದರು. ಎಲ್ಲ ತುಂಡುಗಳ ಮೇಲೂ ಅವರ ಹೆಬ್ಬೆಟ್ಟಿನ ಗುರುತು ಮೂಡಿತು. ಒಂದು ದಿನ ನನಗೆ ಹೇಳದೆ ನಾಲಿಗೆಯ ತುದಿಯನ್ನೂ ತಾಗಿಸಿ, “ಬ್ಯಾಡಗಿ ಮೆಣಸಿನಕಾಯಿ ಇದರ ಮುಂದ ಏನೂ ಅಲ್ಲ,” ಎಂದು ತಂಬಿಗೆ ನೀರಿನಿಂದ ಬಾಯಿ ಮುಕ್ಕಳಿಸಿದರು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅವರು ನನ್ನನ್ನು ಶಾಲೆಯಲ್ಲಿ ಏನು ಕಲಿಸುತ್ತೀ ಎಂದು ಕೇಳಿದ್ದು. ನಾನು ಎಂಟನೆಯ ಇಯತ್ತೆಯ ಪಾಠವನ್ನೇ ಹೇಳಿದೆ. ತಿರುಗಿ ಮೊದಲಿನಂತೆ ಮಾಡಲು ಬಂದರೆ ಭೌತಿಕ, ಬಾರದಿದ್ದರೆ ರಾಸಾಯನಿಕ ಎಂದೆ. ಅವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

“ಈ ಜ್ವಾಳ ಗಿರಣಿಗೆ ಹೋಗತೈತಿ. ಹಿಟ್ಟಾಗಿ ಬಂದದ್ದನ್ನ ತಿರಿಗಿ ಜ್ವಾಳ ಮಾಡ್ತಿ ಏನು?”

“ಇಲ್ರಿ.”

“ಅಂದ್ರ ಹೊಸಾದು ಹುಟ್ಟಿತು?”

“ಇಲ್ರಿ. ಹಿಟ್ಟಾದ್ರೂ ಜ್ವಾಳನ.”

“ಮತ್ತ ನಿನ್ನ ಮಾತು ಎಲ್ಲಿ ನಿಂತಿತು?”

ಹಲಗೆಯ ಮೇಲೆ ಅಷ್ಟು ವರ್ಷ ಬರೆದ ಸಾಲನ್ನು ಅವರು ಒಂದು ಮೊರ ಜೋಳದಿಂದ ಅಳಿಸಿ ಹಾಕಿದ್ದರು. ನನಗೆ ಬೇಜಾರಾಗಬೇಕಿತ್ತು. ಆಗಲಿಲ್ಲ. ಬಹಳ ದಿನಗಳ ಮೇಲೆ ಯಾರೋ ನಾನು ಕಲಿಸುವ ವಿಷಯದ ಬಗ್ಗೆ ನನ್ನೊಡನೆ ನಿಜವಾಗಿ ಮಾತಾಡುತ್ತಿದ್ದಾರೆ ಅನ್ನಿಸಿ ಸಂತೋಷವಾಯಿತು.

ಅಲ್ಲಿಂದ ನಮ್ಮಿಬ್ಬರಿಗೂ ಅದೊಂದು ಆಟವಾಯಿತು. ಅವರು ಕೇಳುವುದು ಒಂದೇ ಪ್ರಶ್ನೆ: ಹುಟ್ಟಿದೆಯೋ, ಬರೀ ವೇಷ ಬದಲಿಸಿದೆಯೋ? ಬೆಲ್ಲ ಪಾನಕದಲ್ಲಿ ಕರಗಿದರೆ ವೇಷ. ಶಾವಿಗೆ ಹೊಸೆದು ಒಣಗಿಸಿದರೆ ವೇಷ. ಹಾಲು ಹೆಪ್ಪುಗಟ್ಟಿದರೆ ಹುಟ್ಟು, ಏಕೆಂದರೆ ಹುಳಿ ಮೊದಲು ಇರಲಿಲ್ಲ. ಮಳೆಗೆ ನೆನೆದ ಕುಡಗೋಲಿಗೆ ತುಕ್ಕು ಬಂದರೆ ಹುಟ್ಟು. ಬೆಣ್ಣೆಯ ವಿಷಯಕ್ಕೆ ಮಾತ್ರ ನಮಗೆ ಎರಡು ದಿನ ಜಗಳವಾಯಿತು. ಬೆಣ್ಣೆ ಕರಗುವುದು ವೇಷ ಎಂದು ಇಬ್ಬರೂ ಒಪ್ಪಿದೆವು. ಆದರೆ ತುಪ್ಪ ಕಾಯುವಾಗ ತಳದಲ್ಲಿ ಕೆಂಪಗಾಗುವ ಚರಟ, ಮನೆ ತುಂಬುವ ಆ ವಾಸನೆ? “ಆ ವಾಸನಿ ಬೆಣ್ಣ್ಯಾಗ ಇರಲಿಲ್ಲ,” ಎಂದರು ಅತ್ತೆ. ಕೊನೆಗೆ ಒಂದೇ ಬೋಗಾಣಿಯಲ್ಲಿ ಎರಡೂ ನಡೆಯುತ್ತವೆ ಎಂದು ರಾಜಿಯಾದೆವು. ಚಾಚಿ ಹೊಲಿಗೆ ಮಷಿನ್ನು ತುಳಿಯುತ್ತಲೇ ಗೋಡೆಯಾಚೆಯಿಂದ, “ಹರದ ಜಂಪರು ಹೊಲದ್ರ ಏನ್ರಿ ಟೀಚರ?” ಎಂದು ಕೇಳಿ ನಗಿಸುತ್ತಿದ್ದರು.

ಶಾಲೆ ತೆರೆದ ಮೇಲೆ ಎಂಟನೆಯ ಇಯತ್ತೆಗೆ ಆ ಪಾಠ ಬೇರೆ ರೀತಿ ಮಾಡಿದೆ. ತಿರುಗಿ ಬರುತ್ತದೋ ಇಲ್ಲವೋ ಎಂಬುದು ಒಂದು ಸುಳಿವು ಮಾತ್ರ, ಅದನ್ನೇ ಪೂರ್ತಿ ನಂಬಬೇಡಿ, ಹೊಸ ವಸ್ತು ಬಂದಿದೆಯೇ ನೋಡಿ ಎಂದೆ. ಹಿಂದಿನ ವರ್ಷಗಳಲ್ಲಿ ನಾನೇ ಅರ್ಧ ಹೇಳಿದ್ದೆ ಎಂದೂ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಟೀಚರ್, ಈಗ ಪೂರ್ತಿ ಯಾರು ಹೇಳಿಕೊಟ್ಟಾರ್ರಿ ನಿಮಗ?” ಎಂದು ಕೇಳಿದಳು. “ನಮ್ಮ ಅತ್ತಿ,” ಎಂದೆ. ತರಗತಿಯೆಲ್ಲ ನಕ್ಕಿತು. ಅವರು ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡರು.

ಜೂನ್ ಕೊನೆಗೆ ನಮ್ಮಲ್ಲಿ ಮಳೆ ಹಿಡಿಯಿತು. ಹೆಸರುಕಾಳಿನ ಬಿತ್ತನೆ ತಡವಾಗಿತ್ತು, ಎಲ್ಲರಿಗೂ ಅವಸರ. ಒಂದು ಸಂಜೆ ಅತ್ತೆ, ಚಾಚಿ, ಸಂಘದ ನಾಲ್ಕು ಹೆಂಗಸರು ಹೊಲದಿಂದ ಬಂದರು. ಎರೆ ಮಣ್ಣು ಮೊಣಕಾಲಿನವರೆಗೆ ಕರಿ ಬೂಟು ಹಾಕಿದಂತೆ ಮೆತ್ತಿಕೊಂಡಿತ್ತು. ಆ ಮಣ್ಣು ಸುಮ್ಮನೆ ನೀರು ಹಾಕಿದರೆ ಹೋಗುವಂಥದ್ದಲ್ಲ. ನಾನು ಒಳಗೆ ಹೋಗಿ ಒಂದು ತುಂಡು ತೆಗೆದು ನೋಡಿದೆ. ಒತ್ತಿದರೆ ಬೆರಳು ಇಳಿಯಲಿಲ್ಲ. ಅತ್ತೆ ಅದನ್ನು ಕಸಿದುಕೊಂಡು ಮತ್ತೆ ನಾಲಿಗೆಗೆ ತಾಗಿಸಿದರು. ನಾವೆಲ್ಲ ಅವರ ಬಾಯಿಯನ್ನೇ ನೋಡುತ್ತ ನಿಂತೆವು.

“ಸುಡೂದು ಹೋಗೇತಿ. ಬರೇ ಸಾಬೂನು,” ಎಂದರು.

ಹಿತ್ತಲಿನ ನಲ್ಲಿಯ ಬಳಿ ಕಲ್ಲಿನ ಮೇಲೆ ಅವರೇ ಮೊದಲು ಕೂತು ಕಾಲಿಗೆ ತಿಕ್ಕಿಕೊಂಡರು. ನೊರೆ ಅಂಗಡಿಯ ಸಾಬೂನಿನ ಹಾಗೆ ಭರ್ರನೆ ಬರಲಿಲ್ಲ. ಸಣ್ಣಗೆ, ಕೆನೆಯ ಹಾಗೆ ಬಂತು. ಆಮೇಲೆ ಆ ಕೆನೆ ಕಪ್ಪಗಾಗಿ ಇಳಿದು, ಅದರ ಹಿಂದೆ ಅವರ ಕಾಲಿನ ಬಣ್ಣ ಕಾಣಿಸಿತು. ಚಾಚಿ ತಾಳ್ಮೆ ತಪ್ಪಿ ಕೈ ಚಾಚಿದರು. ಉಳಿದವರೂ ಬಂದರು. ಒಂದೇ ತುಂಡು ಆರು ಜನರ ಕೈಯಲ್ಲಿ ಜಾರಿ, ಕೆಸರಿಗೆ ಬಿದ್ದು, ತೊಳೆದುಕೊಂಡು ಮತ್ತೆ ಕೈಗೆ ಬಂತು. ಒಬ್ಬರ ಮೇಲೆ ಒಬ್ಬರು ನೀರು ಎರಚಿ, ಹೊಲದ ದಣಿವೆಲ್ಲ ಮರೆತು ನಗುತ್ತಿದ್ದರು. ನನ್ನ ಸೀರೆಯೂ ಅರ್ಧ ತೊಯ್ದಿತ್ತು.

ಅಷ್ಟರಲ್ಲಿ ಎದುರು ಮನೆಯ ಸೊಸೆ ಕೊಡ ಹಿಡಿದು ನೀರಿಗೆ ಬಂದಳು. ಇದೇನು ಗದ್ದಲ ಎಂದು ಕೇಳಿದಳು. ಅತ್ತೆ ಒದ್ದೆ ಕೈಯಲ್ಲೇ ಅವಳನ್ನು ಬಾಜುವಿನಲ್ಲಿ ಕೂಡಿಸಿಕೊಂಡರು.

“ಕೂಡು, ಹೇಳ್ತೀನಿ. ಮೊದಲ ಒಂದು ಮಾತು ನೆಪ್ಪಿಟ್ಟುಕೋ. ನೀರಾಗ ಸೋಡಾ ಹಾಕಬೇಕು, ಸೋಡಾದಾಗ ನೀರು ಹಾಕಬಾರ್ದು. ಜರ್ಮನ್ ಬೋಗಾಣಿ ಮುಟ್ಟಬಾರ್ದು.”

ಅವಳು ಕೊಡವನ್ನು ನಲ್ಲಿಯ ಕೆಳಗೆ ಬಿಟ್ಟು ಕೂತಳು. ಕೊಡ ತುಂಬಿ ನೀರು ಹೊರಗೆ ಹರಿಯುತ್ತಿದ್ದರೂ ಅತ್ತೆಯ ಮಾತು ಇನ್ನೂ ಎಣ್ಣೆಯವರೆಗೂ ಬಂದಿರಲಿಲ್ಲ.